ಬಂದೂಕಿನ ಮೈಮೇಲಿನ ಬರಹ

1854ರ ಮಾತು. ವಿಜಯಪುರದ ಮಾಮಲೇದಾರರಿಗೆ ಮೇಲಿನಿಂದ ಹುಕುಂ ಬಂತು: ಕೆಲಸಕ್ಕೆ ಬಾರದೆ ಬಿದ್ದಿರುವ ಸರಕಾರಿ ಸಾಮಾನನ್ನು ಹರಾಜು ಹಾಕಿ, ಬಂದ ಹಣವನ್ನು ಖಜಾನೆಗೆ ತುಂಬಿ. ಆ ‘ಸಾಮಾನಿನಲ್ಲಿ’ ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪೂ ಸೇರಿತ್ತು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ತೋಪು ಅದು. ತೂಕ ಸುಮಾರು 55 ಟನ್ ಎನ್ನುತ್ತಾರೆ. ಅದರ ಮೂತಿ ಆನೆಯನ್ನು ಬಾಯಲ್ಲಿ ಕಚ್ಚಿದ ಸಿಂಹದ್ದು. ಸವಾಲು ಕೂಗಿದವರು ಅದಕ್ಕೆ ಕಟ್ಟಿದ ಅತಿ ಹೆಚ್ಚಿನ ಬೆಲೆ 150 ರೂಪಾಯಿ.

ಮಾಮಲೇದಾರರಿಗೆ ಮನಸ್ಸು ಒಪ್ಪಲಿಲ್ಲ. ಬೆಲೆ ತೀರ ಕಡಿಮೆಯಾಯಿತು, ಮೇಲಾಗಿ ಊರವರು ಈ ತೋಪಿಗೆ ಭಕ್ತಿಯಿಂದ ನಡೆದುಕೊಳ್ಳುತ್ತಾರೆ ಎಂದು ವರದಿ ಬರೆದರು. ಹರಾಜು ರದ್ದಾಯಿತು. ಪಟ್ಟದಕಲ್ಲು, ಐಹೊಳೆ ಮುಗಿಸಿ ವಿಜಯಪುರದ ದಾರಿ ಹಿಡಿಯುವ ಶಾಲಾ ಪ್ರವಾಸದ ಮಕ್ಕಳು ಇವತ್ತಿಗೂ ಆ ತೋಪನ್ನು ಮುಟ್ಟಿ ನೋಡುತ್ತಿರುವುದು ಆ ಒಂದು ವರದಿಯ ಪುಣ್ಯದಿಂದ.

ಸೇನೆ ಬೇಡವೆಂದು ಬಿಟ್ಟ ಆಯುಧಕ್ಕೆ ಮುಂದೇನು ಗತಿ? ಪ್ರಶ್ನೆ ಹಳೆಯದು, ಉತ್ತರ ದೇಶಕ್ಕೊಂದು. ಅಮೆರಿಕದಲ್ಲಿ ಅದು ಸಂತೆಗೆ ಬರುತ್ತದೆ. ಒಕ್ಲಹೋಮಾ ರಾಜ್ಯದ ಟಲ್ಸಾ ಪಟ್ಟಣದಲ್ಲಿ ವರ್ಷಕ್ಕೆರಡು ಸಲ ನಡೆಯುವ ಬಂದೂಕು ಮೇಳ ಹರಡಿಕೊಳ್ಳುವುದು ಸುಮಾರು 11 ಎಕರೆ ಜಾಗದಲ್ಲಿ, ಅದೂ ಒಂದೇ ಸೂರಿನಡಿ. ಬನಶಂಕರಿ ಜಾತ್ರೆಯಲ್ಲಿ ಬಾಗಿಲು, ಚೌಕಟ್ಟುಗಳನ್ನು ಸಾಲಾಗಿ ಆನಿಸಿ ನಿಲ್ಲಿಸುವಂತೆ ಅಲ್ಲಿ ಮೇಜುಗಳ ಮೇಲೆ ರೈಫಲ್‌ಗಳನ್ನು ಮಲಗಿಸಿರುತ್ತಾರೆ. ಜರ್ಮನಿಯ ಮೌಸರ್, ರಷ್ಯದ ಮೊಸಿನ್, ಬ್ರಿಟನ್ನಿನ ಲೀ-ಎನ್‌ಫೀಲ್ಡ್ ಎಲ್ಲವೂ ಯಾವುದೋ ಯುದ್ಧ ಮುಗಿಸಿ, ಯಾವುದೋ ಗೋದಾಮಿನಲ್ಲಿ ಗ್ರೀಸು ಮೆತ್ತಿಕೊಂಡು ಹತ್ತಾರು ವರ್ಷ ಮಲಗಿದ್ದು, ಕೊನೆಗೆ ಹರಾಜಾಗಿ ಬಂದ ಸರಕು. 1968ರ ಬಂದೂಕು ನಿಯಂತ್ರಣ ಕಾಯ್ದೆ ಇಂಥ ಸೇನಾ ಸರಕಿನ ಆಮದಿಗೆ ತಡೆ ಹಾಕಿತ್ತು. 1984ರಲ್ಲಿ ಸಂಗ್ರಹಯೋಗ್ಯ ಹಳೆಯ ಮಾದರಿಗಳಿಗೆ ಮತ್ತೆ ಬಾಗಿಲು ತೆರೆಯಿತು. 50 ವರ್ಷ ದಾಟಿದ ಬಂದೂಕು ಕೊಳ್ಳುವ ಹವ್ಯಾಸಿಗಳಿಗೆಂದೇ ಅಲ್ಲಿ ಬೇರೆ ಬಗೆಯ ಲೈಸೆನ್ಸ್ ಇದೆ. 1898 ಮತ್ತು ಅದಕ್ಕೂ ಹಿಂದಿನವು ಅಲ್ಲಿನ ಕೇಂದ್ರ ಕಾನೂನಿನ ಲೆಕ್ಕದಲ್ಲಿ ಪುರಾತನ ವಸ್ತುಗಳು.

ಆ ಮೇಜುಗಳ ನಡುವೆ ಮುಂಬದಿಯ ಕಟ್ಟಿಗೆಗೆ ತಾಮ್ರದ ತಂತಿ ಬಿಗಿದು ಸುತ್ತಿದ ಒಂದು ರೈಫಲ್ ಆಗಾಗ ಕಣ್ಣಿಗೆ ಬೀಳುತ್ತದೆ. ಅರಿಯದವರಿಗೆ ಅದು ಮುರಿದುಹೋದದ್ದನ್ನು ಕಟ್ಟಿಟ್ಟಂತೆ ಕಾಣುತ್ತದೆ. ಬಲ್ಲವರಿಗೆ ಅದೇ ಗುರುತು: ನಳಿಗೆಯ ತುದಿಗೆ ಬಟ್ಟಲು ಸಿಕ್ಕಿಸಿ ಗ್ರೆನೇಡ್ ಹಾರಿಸಲು ಬಳಸಿದ್ದು, ಒದೆತಕ್ಕೆ ಕಟ್ಟಿಗೆ ಸೀಳದಿರಲಿ ಎಂದು ತಂತಿ ಸುತ್ತಿದ್ದು, ಬಹುಮಟ್ಟಿಗೆ ಭಾರತದಿಂದ ಬಂದದ್ದು.

ಹಳೆಯ ಸೇನಾ ರೈಫಲ್ ಕೊಳ್ಳುವವರು ಮೊದಲು ಗುರಿ ನೋಡುವುದಿಲ್ಲ, ಓದುತ್ತಾರೆ. ಇಳಕಲ್ ಸೀರೆ ಕೊಳ್ಳುವ ಅನುಭವಸ್ಥೆ ಮೈ ಮತ್ತು ಸೆರಗು ಕೂಡುವ ಕೊಂಡಿಯನ್ನು ತಿರುವಿ ನೋಡುವಂತೆ ಇವರು ಬೋಲ್ಟನ್ನು ಎಳೆದು ಅದರ ಮೇಲಿನ ಸಂಖ್ಯೆ, ದೇಹದ ಮೇಲಿನ ಸಂಖ್ಯೆ, ಮೂತಿಯ ಕವಚದ ಸಂಖ್ಯೆ ಮೂರೂ ಒಂದೇ ಇವೆಯೇ ಎಂದು ತಾಳೆ ಹಾಕುತ್ತಾರೆ. ಹೊಂದಿಬಂದರೆ ಬೆಲೆ ಏರುತ್ತದೆ. ಹೊಂದದಿದ್ದರೆ ಅದು ಎರಡು ಮೂರು ಸತ್ತ ಬಂದೂಕುಗಳನ್ನು ಕೂಡಿಸಿದ್ದು. ಹಿಡಿಯ ಕೊರಳಿನ ಬಲಗಡೆ ಕಿರೀಟ, ಅದರ ಕೆಳಗೆ ‘ಜಿಆರ್‌ಐ’ ಎಂಬ ಮೂರು ಅಕ್ಷರ, ‘ಇಷಾಪುರ್’ ಎಂಬ ಹೆಸರು ಮತ್ತು ಇಸವಿ ಇದ್ದರೆ ಅದು ಜಾರ್ಜ್ ದೊರೆಯ ಕಾಲದಲ್ಲಿ ಬಂಗಾಳದ ಇಷಾಪುರ ಕಾರ್ಖಾನೆಯಿಂದ ಹೊರಬಂದದ್ದು. ಕಿರೀಟದ ಜಾಗದಲ್ಲಿ ಅಶೋಕನ ಸಿಂಹಗಳಿದ್ದರೆ ಗಣರಾಜ್ಯದ ಕೂಸು. ಒಂದು ಠಸ್ಸೆಯಲ್ಲಿ ಒಂದು ರಾಜ್ಯ ಹೋಗಿ ಇನ್ನೊಂದು ಬಂದದ್ದು ಬೆರಳಿಗೆ ಸಿಗುತ್ತದೆ.

ಖೋಟಾ ಹಿಡಿಯುವುದೂ ಇದೇ ಓದಿನಿಂದ. ಪೇಶಾವರದ ಆಚೆ ದರ್ರಾ ಆದಂ ಖೇಲ್‌ನ ಕಮ್ಮಾರರು ಅರದಿಂದ ತಿಕ್ಕಿ ಬ್ರಿಟಿಷ್ ರೈಫಲ್‌ಗಳ ನಕಲು ಮಾಡುವುದರಲ್ಲಿ ಎತ್ತಿದ ಕೈ. ಆದರೆ ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಕೆಲವು ನಕಲುಗಳಲ್ಲಿ ಅದರ ನಂತರದ ಇಸವಿಯ ಪಕ್ಕದಲ್ಲೇ ಆಕೆಯ ಮುದ್ರೆ ಕೂತಿರುತ್ತದೆ. ಕೆಲವದರಲ್ಲಿ ಇಂಗ್ಲಿಷಿನ ಅಕ್ಷರವೇ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ.

ಈ ಓದು ಮಲಪ್ರಭೆಯ ದಂಡೆಯವರಿಗೆ ಹೊಸದಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರಿದೆ, ಪಾಪನಾಥದ ಗೋಡೆಯಲ್ಲಿ ರೇವಡಿ ಓವಜ್ಜನ ಹೆಸರಿದೆ, ಶಿಲ್ಪಗಳ ಬದಿಯಲ್ಲಿ ಬಲದೇವ, ಚೆಂಗಮ್ಮರ ರುಜುಗಳಿವೆ. 8ನೇ ಶತಮಾನದ ಕೆಲಸಗಾರ ತನ್ನ ಗುರುತು ಬಿಟ್ಟ ಕಾರಣಕ್ಕೇ ಯಾವ ಕೈ ಯಾವ ಕಂಬ ಕೆತ್ತಿತು ಎಂದು ಇವತ್ತು ಹೇಳಬಹುದು. ವ್ಯತ್ಯಾಸ ಒಂದೇ. ಕಲ್ಲಿನ ಮೇಲಿರುವುದು ಮಾಡಿದವನ ಹೆಮ್ಮೆ. ಭಾರತದ ಹಳೆಯ ಬಂದೂಕುಗಳ ಮೇಲೆ ಬಹಳ ಸಲ ಸಿಗುವುದು ಆಳುವವನ ಅಪನಂಬಿಕೆ.

ಅದಕ್ಕೆ ಮೊದಲ ಸಾಕ್ಷಿ 1858ರ ಮಾದರಿಯ ಬಂದೂಕು. ಅದರ ಹಿಂದಿನ 1853ರ ಎನ್‌ಫೀಲ್ಡ್ ಎಲ್ಲರಿಗೂ ಗೊತ್ತು. ಅದರ ಕೊಬ್ಬು ಸವರಿದ ತೋಟಾ ಸಿಪಾಯಿಗಳ ದಂಗೆಗೆ ಕಿಡಿ ಹಚ್ಚಿತು. ಆ ಬಂದೂಕಿನ ನಳಿಗೆಯೊಳಗೆ ಸುರುಳಿಗೆರೆಗಳಿದ್ದವು. ಗುಂಡು ತಿರುಗುತ್ತ ಹೋಗುವುದರಿಂದ ಹಲವು ನೂರು ಗಜ ದೂರದ ಗುರಿಯನ್ನೂ ಮುಟ್ಟುತ್ತಿತ್ತು. ದಂಗೆ ಅಡಗಿದ ಮೇಲೆ ಬ್ರಿಟಿಷರು ದೇಶೀ ಪಡೆಗಳಿಗೆಂದು ಅದೇ ಬಂದೂಕಿನ ಒಳಗೆರೆಗಳನ್ನು ಕೊರೆದು ನುಣುಪು ಮಾಡಿಸಿದರು. ಹೊರಗಿನಿಂದ ನೋಡಿದರೆ ಅದೇ ಎನ್‌ಫೀಲ್ಡ್, ಒಳಗೆ ಹಳೆಯ ಕಾಲದ ಬೋಳು ನಳಿಗೆ. ನೂರು ಗಜದಾಚೆ ಗುರಿಯನ್ನು ನೆಚ್ಚುವ ಹಾಗಿಲ್ಲ. ಕೊರೆದ ಮೇಲೆ ನಳಿಗೆ ತೀರ ತೆಳುವಾಯಿತೆಂದು ಮರುವರ್ಷ ದಪ್ಪ ನಳಿಗೆಯ ಮತ್ತೊಂದು ಮಾದರಿ ತಂದರು. ಸಿಪಾಯಿ ಮತ್ತೆ ತಿರುಗಿಬಿದ್ದರೆ ಗೋರಾ ಸೈನಿಕನ ಬಂದೂಕೇ ದೂರ ಮುಟ್ಟಬೇಕು ಎಂಬುದು ಲೆಕ್ಕ. ಮುಂದೆ ಇಷಾಪುರದಲ್ಲಿ ಪೊಲೀಸರಿಗೆ, ಪಹರೆಯವರಿಗೆಂದು .303 ರೈಫಲ್ ಅನ್ನು .410 ಬೋರಿನ ಒಂಟಿ ಗುಂಡಿನ ಮಸ್ಕೆಟ್ ಆಗಿ ತಿದ್ದಿದ್ದರ ಹಿಂದೆಯೂ ಇದೇ ಜಾತಿಯ ಲೆಕ್ಕ ಕಾಣುತ್ತದೆ. ಕದ್ದೊಯ್ದರೂ ಅದರಲ್ಲಿ ಸೇನೆಯ ತೋಟಾ ಹಾರುವುದಿಲ್ಲ. ಅಮೆರಿಕದ ಸಂಗ್ರಾಹಕರಿಗೆ ಇವೆರಡೂ ಚೆನ್ನಾಗಿ ಗೊತ್ತು. ಬೆಲೆ ಚೀಟಿಯ ಮೇಲೆ ‘ದೇಶೀ ಪಡೆಯ ಮಾದರಿ’ ಎಂದು ಬರೆದಿರುತ್ತಾರೆ. ಅದೇ ಅಪನಂಬಿಕೆ ಊರೊಳಗೆ ಬಂದಾಗ ಏನಾಯಿತೆಂದು ತಿಳಿಯಲು ಅಷ್ಟು ದೂರ ಹೋಗಬೇಕಿಲ್ಲ, ಮುಧೋಳದವರೆಗೆ ಹೋದರೆ ಸಾಕು.

1857ರ ಸೆಪ್ಟೆಂಬರಿನಲ್ಲಿ ಕಂಪನಿ ಸರಕಾರ ಆ ವರ್ಷದ 28ನೇ ಕಾಯ್ದೆ ತಂದಿತು. ಆಯುಧ ತಯಾರಿ, ಮಾರಾಟ, ಇಟ್ಟುಕೊಳ್ಳುವ ಹಕ್ಕು ಎಲ್ಲಕ್ಕೂ ಲಗಾಮು. ಜನರ ಬಾಯಲ್ಲಿ ಅದು ನಿಶ್ಶಸ್ತ್ರೀಕರಣ ಕಾಯ್ದೆ. ಮುಧೋಳ ಆಗ ಘೋರ್ಪಡೆಯವರ ಸಂಸ್ಥಾನ, ಹಲಗಲಿ ಅದರೊಳಗಿನ ಊರು. ಅಲ್ಲಿನ ಬೇಡರಿಗೆ ಹತ್ಯಾರವೆಂದರೆ ಬೇಟೆ, ಕಾವಲು, ಹೊಟ್ಟೆಪಾಡು. ಖಂಡೇ ಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುವ ದೇವರೂ ಅದೇ. ತಂದೊಪ್ಪಿಸಿರಿ ಎಂದಾಗ ಒಪ್ಪಿಸಲಿಲ್ಲ. ಜಡಗ, ಬಾಲ, ಹನುಮ, ರಾಮ ಮುಂದಾಳುಗಳಾದರು. ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಬಂತು, ಊರಿಗೆ ಬೆಂಕಿ ಬಿತ್ತು. 1857ರ ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, ಡಿಸೆಂಬರ್ 14ರಂದು ಹಲಗಲಿಯಲ್ಲೇ 6 ಜನರನ್ನು ಗಲ್ಲಿಗೇರಿಸಿದರು. ಮುಧೋಳದಲ್ಲಿ ಅದಕ್ಕೆ ಆರಿಸಿಕೊಂಡದ್ದು ಸಂತೆಯ ದಿನ. ಜನ ನೋಡಲಿ ಎಂದು.

ಜನ ನೋಡಿದರು, ಆಮೇಲೆ ಹಾಡಿದರು. ಆ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಈ ಸೀಮೆಯ ಚಾಲುಕ್ಯ ಶಾಸನಗಳನ್ನು ಓದಿ ಹೇಳಿದವನೂ ಅವನೇ. ‘ಹಲಗಲಿ ಬೇಡರು’ ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲೂ ಬಂದದ್ದರಿಂದ ಆ ಹೆಸರು ಕರ್ನಾಟಕದ ಲಕ್ಷಾಂತರ ಮಕ್ಕಳ ಬಾಯಲ್ಲಿ ಆಡಿದೆ. ಲಾವಣಿ ಉಳಿಯಿತು, ಹತ್ಯಾರ ಉಳಿಯಲಿಲ್ಲ. ಬಾಗಲಕೋಟೆ ಸೀಮೆಯ ಅಟ್ಟಗಳಲ್ಲಿ 1857ಕ್ಕಿಂತ ಹಳೆಯ ತುಪಾಕಿ ಏಕೆ ಅಪರೂಪ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಅದೇ ಕಾಯ್ದೆ ಕರ್ನಾಟಕದ ಇನ್ನೊಂದು ತುದಿಯಲ್ಲಿ ತದ್ವಿರುದ್ಧವಾಗಿ ನಡೆಯಿತು. ದಂಗೆಯ ಕಾಲದಲ್ಲಿ ಕೊಡವರು ನಿಷ್ಠರಾಗಿದ್ದರೆಂದು 1861ರಲ್ಲಿ ಆಗಿನ ಕಮಿಷನರ್ ಮಾರ್ಕ್ ಕಬ್ಬನ್ ಆ ಜನಾಂಗಕ್ಕೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಹಲಗಲಿಯ ಗಲ್ಲಿಗೂ ಕೊಡಗಿನ ವಿನಾಯಿತಿಗೂ ನಡುವೆ ನಾಲ್ಕು ವರ್ಷವೂ ಪೂರ್ತಿ ಇಲ್ಲ. ಸ್ವಾತಂತ್ರ್ಯ ಬಂದರೂ ಆ ವಿನಾಯಿತಿ ಉಳಿಯಿತು. ಕೊಡವರು ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರು ಇವತ್ತಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂವು ಮುಡಿಸಿ ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕೊಡವರ ಪದ್ಧತಿಯನ್ನು ಆಡಿಕೊಳ್ಳುವ ಮಾತು ಇದಲ್ಲ. ಆಯುಧ ಪೂಜೆ ಹಲಗಲಿಯವರದೂ ಆಗಿತ್ತು. ಒಬ್ಬರ ದೇವರಿಗೆ ಫರ್ಮಾನು ಸಿಕ್ಕಿತು, ಇನ್ನೊಬ್ಬರ ದೇವರನ್ನು ಜಪ್ತು ಮಾಡಿದರು.

1857ರಲ್ಲಿ ಬ್ರಿಟಿಷರ ಬೆನ್ನಿಗೆ ನೇಪಾಳದ ರಾಣಾಗಳೂ ನಿಂತಿದ್ದರು. ಜಂಗ್ ಬಹಾದ್ದೂರ್ ರಾಣಾ ಗೂರ್ಖಾ ಸೈನ್ಯದೊಂದಿಗೆ ಲಖನೌವರೆಗೆ ಬಂದಿದ್ದ. ನೇಪಾಳ ದರಬಾರಿನ ಶಸ್ತ್ರಾಗಾರ ತುಂಬಿದ್ದು ತುಂಬಿದ ಹಾಗೇ ಉಳಿಯಿತು. ಕಾಠ್ಮಂಡುವಿನ ಲಗನ್ ಸಿಲೇಖಾನಾದ ಅರಮನೆಯಲ್ಲಿ ದೂಳು ಹಿಡಿದಿದ್ದ ಆ ರಾಶಿಯನ್ನು 2003ರಲ್ಲಿ ಅಮೆರಿಕದ ಎರಡು ಕಂಪನಿಗಳು ಸಗಟಾಗಿ ಕೊಂಡವು. 50 ಸಾವಿರಕ್ಕೂ ಹೆಚ್ಚು ಬಂದೂಕುಗಳು. ಬ್ರನ್ಸ್‌ವಿಕ್, ಎನ್‌ಫೀಲ್ಡ್, ಮಾರ್ಟಿನಿ-ಹೆನ್ರಿ, ಜೊತೆಗೆ ನೇಪಾಳದಲ್ಲೇ ತಯಾರಾದ ಗೆಹೇಂದ್ರ ರೈಫಲ್. ಸೇನಾ ಸರಕಿನ ಹವ್ಯಾಸಿಗಳು ಅದನ್ನು ನಿಧಿ ಸಿಕ್ಕ ಹಾಗೆ ಮಾತಾಡಿಕೊಂಡರು. ಇವತ್ತಿಗೂ ಮೇಳದ ಮೇಜಿನ ಮೇಲೆ ಕಂದು ಬಣ್ಣದ ಒಣ ಗ್ರೀಸು ಅಂಟಿದ ಮಾರ್ಟಿನಿ ಕಂಡರೆ ‘ನೇಪಾಳದ್ದೇ?’ ಎಂಬುದೇ ಮೊದಲ ಪ್ರಶ್ನೆ.

ಇನ್ನು ಲೀ-ಎನ್‌ಫೀಲ್ಡ್. ಲೀ ಎಂದರೆ ಅದರ ಬೋಲ್ಟ್ ರೂಪಿಸಿದ ಜೇಮ್ಸ್ ಪ್ಯಾರಿಸ್ ಲೀ, ಎನ್‌ಫೀಲ್ಡ್ ಎಂದರೆ ಲಂಡನ್ ಬಳಿಯ ಶಸ್ತ್ರ ಕಾರ್ಖಾನೆಯ ಊರು. (ಊರ ಗೌಡರ ಬುಲೆಟ್ ಗಾಡಿಯ ಟ್ಯಾಂಕಿನ ಮೇಲಿನ ಎನ್‌ಫೀಲ್ಡ್ ಕೂಡ ಇದೇ. ಆ ಕಾರ್ಖಾನೆಗೆ ಬಿಡಿಭಾಗ ಪೂರೈಸಿದ ಸೈಕಲ್ ಕಂಪನಿ ಹೆಸರನ್ನೂ ತೋಪಿನ ಚಿತ್ರವನ್ನೂ ಅಲ್ಲಿಂದಲೇ ತೆಗೆದುಕೊಂಡಿತು.) 1907ರಲ್ಲಿ ಬಂದ ಮಾರ್ಕ್ 3 ಸುಮಾರು ನಾಲ್ಕು ಕಿಲೋ ತೂಕದ್ದು, ಹತ್ತು ಗುಂಡು ಹಿಡಿಯುವಂಥದ್ದು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕನ ಹೆಗಲ ಮೇಲಿದ್ದದ್ದು ಇದೇ. 1904ರಲ್ಲಿ ಹಳೆಯ ಮದ್ದಿನ ಕಾರ್ಖಾನೆಯ ಜಾಗದಲ್ಲಿ ಶುರುವಾದ ಇಷಾಪುರ ಇದನ್ನು ಇಂಗ್ಲೆಂಡ್ ಕೈಬಿಟ್ಟ ಮೇಲೂ ತಯಾರಿಸುತ್ತಲೇ ಹೋಯಿತು. 1962ರಲ್ಲಿ ಚೀನಾದ ಎದುರು ಪೆಟ್ಟು ತಿಂದ ಮೇಲೆ ಅದೇ ಒಡಲಿಗೆ ಇನ್ನೂ ಗಟ್ಟಿ ಉಕ್ಕು ಹಾಕಿ, 7.62 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ, 12 ಗುಂಡಿನ ಚೌಕ ಮ್ಯಾಗಜಿನ್ ಕೂಡಿಸಿ 2ಎ, 2ಎ1 ಎಂಬ ರೈಫಲ್‌ಗಳನ್ನು ಹೊರತಂದಿತು. ಮೊದಲನೆಯದರ ಗುರಿಪಟ್ಟಿಯಲ್ಲಿ 2,000 ಮೀಟರ್‌ವರೆಗೆ ಗೆರೆಗಳಿದ್ದವು. ಎರಡನೆಯದರಲ್ಲಿ ಅದನ್ನು 800ಕ್ಕೆ ಇಳಿಸಿದರು. ಯಾರೋ ಪ್ರಾಮಾಣಿಕರು ಕುಳಿತು ಯೋಚಿಸಿರಬೇಕು. ಈ 2ಎ1 ಸೇನೆಯಿಂದ ಹೊರಬಿದ್ದ ಮೇಲೆ ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ಹೋಯಿತು. ಬಹಳ ಕಾಲ ಅಲ್ಲಿ ಅಗ್ಗದ ಸೇನಾ ರೈಫಲ್ ಎಂದರೆ ಇದೂ ಒಂದು.

ತಯಾರಿಸಿದ ದೇಶದಲ್ಲಿ ಮಾತ್ರ ಸಾಮಾನ್ಯ ನಾಗರಿಕರು ಅದನ್ನು ಕೊಳ್ಳುವಂತಿಲ್ಲ. 1857ರ ಕಾಯ್ದೆ 1860ರಲ್ಲಿ, 1878ರಲ್ಲಿ ರೂಪ ಬದಲಿಸಿ, ಸ್ವತಂತ್ರ ಭಾರತದಲ್ಲಿ 1959ರ ಆಯುಧ ಕಾಯ್ದೆಯಾಯಿತು. .303 ಮತ್ತು 7.62 ಸೇನಾ ಬೋರುಗಳು ‘ನಿಷೇಧಿತ ಬೋರ್’. ಲೈಸೆನ್ಸ್ ಇದ್ದವರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. 2019ರ ಡಿಸೆಂಬರಿನ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ತಾತನಿಂದ ಬಂದದ್ದಕ್ಕೂ ಆ ಮಿತಿಯೇ. ಖಾಸಗಿಯವರು ವಿದೇಶದಿಂದ ತರಿಸುವುದು 1980ರ ದಶಕದ ನಡುಭಾಗದಲ್ಲೇ ಬಹುಪಾಲು ನಿಂತಿತು. ಆದರೆ ಇಷಾಪುರ ಒಂದು ಒಳದಾರಿ ಮಾಡಿಟ್ಟಿದೆ. ನಾಗರಿಕರಿಗೆಂದು ಅದು ತಯಾರಿಸುವ .315 ಸ್ಪೋರ್ಟಿಂಗ್ ರೈಫಲ್‌ನ ಬೋಲ್ಟು, ದೇಹ ಎಲ್ಲ ಲೀ-ಎನ್‌ಫೀಲ್ಡ್ ಮನೆತನದ್ದು, ತೋಟಾ ಮಾತ್ರ ಬೇರೆ. ಹಂದಿ ಕಾಟಕ್ಕೆಂದು ಬೆಳೆ ರಕ್ಷಣೆಯ ಲೈಸೆನ್ಸ್ ಪಡೆದು .315 ಇಟ್ಟುಕೊಂಡ ರೈತನ ಕೈಯಲ್ಲಿರುವುದು, ಅವನಿಗೆ ಗೊತ್ತಿರಲಿ ಬಿಡಲಿ, ಮಹಾಯುದ್ಧದ ರೈಫಲ್‌ನ ದಾಯಾದಿ. ಚುನಾವಣೆ ಬಂದಾಗ ಸಾಮಾನ್ಯವಾಗಿ ಅದನ್ನು ಠಾಣೆಗೆ ಜಮಾ ಮಾಡಬೇಕಾಗುತ್ತದೆ. ಹಂದಿಗಳಿಗೆ ನೀತಿ ಸಂಹಿತೆ ಇಲ್ಲವೆಂಬ ಗೊಣಗಾಟ ಹೊಲದ ಬದುವಿನಲ್ಲಿ ಹಳೆಯದು.

ಪೊಲೀಸರ .303 ಕೂಡ ಮರೆಯಾಗುತ್ತಿದೆ. ಉತ್ತರ ಪ್ರದೇಶದ ಪೊಲೀಸರು 2020ರ ಜನವರಿ 26ರ ಪರೇಡಿನಲ್ಲಿ ಅದಕ್ಕೆ ವಿದಾಯ ಹೇಳಿದರು. ಹೀಗೆ ನಿವೃತ್ತಿಯಾದ ಸರಕಾರಿ ಬಂದೂಕುಗಳು ನಮ್ಮಲ್ಲಿ ಮೇಳಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ ತುಂಡರಿಸಿ ಕರಗಿಸುತ್ತಾರೆ. ಕಾನೂನು ಸುವ್ಯವಸ್ಥೆಯ ದೃಷ್ಟಿಯಿಂದ ಅದು ಸರಿಯೇ. ಬಂದೂಕು ಹಿಡಿದವರ ಕೈಯಲ್ಲಿ ಪ್ರತಿವರ್ಷ ಎಷ್ಟು ಜೀವ ಹೋಗುತ್ತದೆಂದು ಅಮೆರಿಕವನ್ನು ನೋಡಿದವರಾರೂ ಬಾಗಲಕೋಟೆಯಲ್ಲಿ ಅಂಥ ಮೇಳ ಬೇಕೆನ್ನುವುದಿಲ್ಲ. ತಪ್ಪಿರುವುದು ಬೇರೆ ಕಡೆ: ಕುಲುಮೆಗೆ ಹೋಗುವ ಮುನ್ನ ಆ ಠಸ್ಸೆ, ಸಂಖ್ಯೆಗಳನ್ನು ಓದಿ ಬರೆದಿಡುವವರೇ ಕಡಿಮೆ.

ಬರೆದಿಟ್ಟರೆ ಏನು ಸಿಗುತ್ತದೆ ಎಂಬುದಕ್ಕೆ ಟಿಪ್ಪುವಿನ ಬಂದೂಕುಗಳು ಉದಾಹರಣೆ. ಹುಲಿಪಟ್ಟೆಯ ಗುರುತು, ಮೌಲೂದಿ ಶಕೆಯ ಇಸವಿ, ಕಾರ್ಖಾನೆಯ ಹೆಸರು ಅವುಗಳ ಮೇಲಿರುವುದರಿಂದಲೇ ಶ್ರೀರಂಗಪಟ್ಟಣದ ಕೆಲಸಗಾರಿಕೆಯ ಚರಿತ್ರೆ ಬರೆಯಲಾಯಿತು. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನ ಒಂದು ಮನೆಯ ಅಟ್ಟದಲ್ಲಿ ಸಿಕ್ಕ ಟಿಪ್ಪು ಕಾಲದ ಬಂದೂಕು 60 ಸಾವಿರ ಪೌಂಡಿಗೆ ಹೋಯಿತು. ಅದಕ್ಕೂ ಹಿಂದಿನ ವರ್ಷ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಪಾಳು ಬಾವಿಯಲ್ಲಿ ಒಂದು ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಅವು ಶಿವಮೊಗ್ಗದ ಸರಕಾರಿ ವಸ್ತುಸಂಗ್ರಹಾಲಯ ಸೇರಿದವು, ಯಾರ ಹರಾಜಿಗೂ ಹೋಗಲಿಲ್ಲ.

ಹಾಗಾದರೆ ಹಳೆಯ ವಾಡೆ ಕೆಡವುವಾಗ ಜಂತಿಯ ಮೇಲೆ ತುಕ್ಕು ಹಿಡಿದ ತುಪಾಕಿ ಸಿಕ್ಕರೆ? ಮೊದಲು, ಅದರ ಕುದುರೆ ಎಳೆದು ನೋಡಬಾರದು. ಮೂತಿಯಿಂದ ಮದ್ದು ತುಂಬುವ ಬಂದೂಕಿನಲ್ಲಿ ಮುತ್ತಜ್ಜ ತುಂಬಿಟ್ಟ ಮದ್ದು ಇನ್ನೂ ಇರಬಹುದು. ನೂರು ವರ್ಷದ ಮದ್ದೂ ಹೊತ್ತಿಕೊಂಡೀತು. ತಿಕ್ಕಿ ಹೊಳಪು ಬರಿಸಬಾರದು, ಬರಹ ಅಳಿಸುತ್ತದೆ. ದುರಸ್ತಿ ಮಾಡಿದರೂ ಹಾರದಂಥ ಪುರಾತನ ಆಯುಧಕ್ಕೆ ಆಯುಧ ಕಾಯ್ದೆಯ 45ನೇ ಕಲಂ ವಿನಾಯಿತಿ ಕೊಡುತ್ತದೆ ನಿಜ, ಆದರೆ ಅದು ಹಾರುವುದೋ ಇಲ್ಲವೋ ಎಂದು ಮನೆಯವರೇ ತೀರ್ಮಾನಿಸಿದರೆ ನಡೆಯುವುದಿಲ್ಲ. ಠಾಣೆಗೆ ತಿಳಿಸಲೇಬೇಕು. ನೂರು ವರ್ಷ ದಾಟಿದ್ದಾದರೆ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಅದನ್ನು ದೇಶದಿಂದಾಚೆ ಸಾಗಿಸುವುದೂ ಅಪರಾಧ.

ಠಾಣೆಯವರು ಬರುವ ಮುನ್ನ ಮುಟ್ಟದೆ ನಾಲ್ಕು ಕಡೆಯಿಂದ ಒಂದೊಂದು ಫೋಟೊ ತೆಗೆದಿಡಿ. ಕಿರೀಟ, ಸಿಂಹ, ಸಂಖ್ಯೆ, ಇಸವಿ ಕಂಡಷ್ಟನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಮನೆಯಲ್ಲಿ ಯಾರು ಅದನ್ನು ಹಿಡಿದಿದ್ದರು, ಯಾವ ಪಲ್ಟನ್ನಿನಲ್ಲಿದ್ದರು ಎಂದು ಅಜ್ಜಿಯನ್ನು ಕೇಳಿ ಅದನ್ನೂ ಸೇರಿಸಿ. ಒಂದು ಪ್ರತಿಯನ್ನು ಬಾದಾಮಿಯದೋ ವಿಜಯಪುರದ್ದೋ ವಸ್ತುಸಂಗ್ರಹಾಲಯಕ್ಕೆ ಕೊಡಿ, ಇನ್ನೊಂದನ್ನು ಮನೆಯ ಟ್ರಂಕಿನಲ್ಲಿ ಹೊಲದ ಉತಾರದ ಜೊತೆಗಿಡಿ.